ಹಳೇ ಪಟದಾಗಿನ ಉಡುಪು ನೋಡಿ ವರ್ಷ ಹಿಡಿಯೋದು: ಗಂಗಾವತಿ ಕಡೆಯ ಒಂದು ಮನೆತನದ ಪಟ

ಆನೆಗೊಂದಿ_ದಾರಿ
ಎಲ್ಲರಿಗೂ ನಮಸ್ಕಾರ್ರಿ. ಗಂಗಾವತಿ ತಾಲ್ಲೂಕಿನ ಒಂದು ಮನೆತನದ ಪಟ ಹಾಕೀನಿ. ಸ್ಟುಡಿಯೋದಾಗ ತೆಗಿಸಿದ್ದು. ಅಳತಿ 5×7 ಇಂಚು, ಸುತ್ತ ಸಣ್ಣ ಬಿಳಿ ಅಂಚು ಐತಿ, ದಪ್ಪ ಬೂದು ರಟ್ಟಿಗೆ ಅಂಟಿಸ್ಯಾರ. ಸ್ಟುಡಿಯೋ ಹೆಸರಿದ್ದ ಮೂಲಿ ಹರಿದು ಹೋಗೇತಿ.

ಆರು ಮಂದಿ ಅದಾರ. ನಡುವ ಕುರ್ಚಿ ಮ್ಯಾಲ ದೋತರ, ಕೋಟು, ರುಮಾಲಿನ ಮುದುಕರು. ಅವರ ಪಕ್ಕ ತಲಿ ತುಂಬ ಸೆರಗು ಹೊದ್ದ ಮುದುಕಿ, ಕರೀ ಸೀರಿ, ಕೈಯಾಗ ಬಳಿ ಇಲ್ಲ. ಹಿಂದ ನಿಂತವರು ಮೂರು ಮಂದಿ: ಶೇರ್ವಾನಿ ಮತ್ತು ರೂಮಿ ಟೋಪಿ (ಟರ್ಕಿ ಟೋಪಿ) ಹಾಕಿದ ಗಂಡಸು, ಬಿಳೀ ಸೀರಿ ಕರೀ ಸೆರಗಿನ ಹೆಣಮಗಳು, ಕ್ರಾಪು ಬಿಟ್ಟ ಹುಡುಗ, ಅವನ ಎಡಗೈಯಾಗ ರಿಸ್ಟ್ ವಾಚು. ಮುಂದ ಚಡ್ಡಿ ಹಾಕಿದ ಸಣ್ಣ ಹುಡುಗ, ಕಾಲಾಗ ಬಿಳೀ ಕ್ಯಾನ್ವಾಸ್ ಬೂಟು.

ಮನ್ಯಾಗ ಹೇಳೋದು ಏನಂದ್ರ: ಪಟ 1905ರದು, ಟೋಪಿ ಹಾಕಿದವರು ಮನಿಯವರಲ್ಲ, ಮುದುಕರ ಗೆಳೆಯ ಒಬ್ಬ ಮುಸಲ್ಮಾನ ಅಧಿಕಾರಿ. ಉಡುಪು ನೋಡಿ ಇದು ಹೌದೋ ಅಲ್ಲೋ ಅಂತ ಹೇಳಾಕ ಬರ್ತದೇನ್ರಿ?

ಕೌಲ್‌ಬಜಾರ್
1905 ಅಲ್ಲವೇ ಅಲ್ಲ ಸರ್. ಪಟದಲ್ಲಿರೋ ವಸ್ತುಗಳಲ್ಲಿ ಯಾವುದು ಎಲ್ಲಕ್ಕಿಂತ ಹೊಸದೋ ಅದರಿಂದಲೇ ವರ್ಷ ಹಿಡೀಬೇಕು. ಮುದುಕರ ರುಮಾಲು, ದೋತರ ನೋಡಿ ಏನೂ ಹೇಳೋಕಾಗಲ್ಲ. ಪ್ರಾಯದಲ್ಲಿ ಕಲಿತ ಉಡುಪನ್ನೇ ಅವರು ಕೊನೇತನಕ ಹಾಕ್ತಾರೆ, ಅದಕ್ಕೇ 20, 30 ವರ್ಷ ಹಿಂದಿನದು ಅನಿಸುತ್ತೆ. ಹುಡುಗರು, ಹೊಸದಾಗಿ ಮದುವೆಯಾದವರು, ನೌಕರಿಗೆ ಸೇರಿದವರು ಆವತ್ತಿನದನ್ನ ಹಾಕಿರ್ತಾರೆ.

ಗಂಡಸರ ಕೈಗೆ ರಿಸ್ಟ್ ವಾಚು ಬಂದಿದ್ದು ಮೊದಲ ಮಹಾಯುದ್ಧ ಆದಮೇಲೆ. ಅದಕ್ಕೂ ಮುಂಚೆ ಜೇಬಿನ ಗಡಿಯಾರ, ಕೋಟಿನ ಗುಂಡಿಯಿಂದ ಜೇಬಿಗೆ ಇಳಿಯೋ ಸರಪಳಿ. ಬಾಟಾ ಕಂಪನಿ ನಮ್ಮ ದೇಶದಲ್ಲಿ ತಯಾರಿಕೆ ಶುರು ಮಾಡಿದ್ದು 1930ರ ದಶಕದ ಮೊದಲ ವರ್ಷಗಳಲ್ಲಿ. ಸಣ್ಣ ಊರಿನ ಮಗುವಿನ ಕಾಲಿಗೆ ಕ್ಯಾನ್ವಾಸ್ ಬೂಟು ಬರಬೇಕಾದ್ರೆ ಅದಕ್ಕಿಂತ ಹಿಂದೆ ಹೋಗೋದು ಕಷ್ಟ. ಹೆಣ್ಣುಮಗಳ ಜಂಪರ್ ತೋಳು ಹೇಗಿದೆ, ಹತ್ತಿರದಿಂದ ತೆಗೆದು ಹಾಕಿ.

ಇನ್ನೊಂದು ಮಾತು. ವಾಚು, ಬೂಟು, ಕೋಟು ಸ್ಟುಡಿಯೋದವರೇ ಕೊಡೋ ಪದ್ಧತಿ ಇತ್ತು. ಕೋಟಿನ ಭುಜ ಜೋತುಬಿದ್ದಿದೆಯಾ, ತೋಳು ಬೆರಳ ತನಕ ಬಂದಿದೆಯಾ, ಬೂಟಿನೊಳಗೆ ಕಾಲು ಸಡಿಲ ಇದೆಯಾ ನೋಡಿ. ಸ್ಟುಡಿಯೋ ಕೋಟಾದ್ರೂ ವರ್ಷಕ್ಕೆ ಅದು ಸಾಕ್ಷಿನೇ, ಆ ವಸ್ತು ಹುಟ್ಟೋಕೆ ಮುಂಚೆ ಪಟ ತೆಗೆಯೋಕಾಗಲ್ಲ ತಾನೆ. ಮನೆಯವರ ಸ್ಥಿತಿಗತಿಗೆ ಮಾತ್ರ ಅದು ಸಾಕ್ಷಿ ಆಗಲ್ಲ.

ಗಾಜಿನ_ನೆಗೆಟಿವ್
ಉಡುಪಿನ ಬಣ್ಣದ ಬಗ್ಗೆ ಮಾತಾಡುವ ಮೊದಲು ಆ ಬಣ್ಣವನ್ನು ಪಟ ಹೇಗೆ ಹಿಡಿದಿದೆ ಎಂದು ತಿಳಿಯಬೇಕು. "ಕರೀ ಸೀರಿ", "ಬಿಳೀ ಸೀರಿ" ಎಂದು ಬರೆದಿದ್ದೀರಿ. ಈಗಲೇ ಹಾಗೆ ತೀರ್ಮಾನಿಸಬೇಡಿ.

ಹಳೆಯ ಗಾಜಿನ ಫಲಕಗಳ ಲೇಪಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. 1880ರ ದಶಕದಿಂದ ಬಂದ ಆರ್ಥೋಕ್ರೊಮ್ಯಾಟಿಕ್ ಫಲಕಗಳಿಗೆ ಹಸಿರು, ಹಳದಿಯೂ ಒಂದಷ್ಟು ಕಂಡವು. ಕೆಂಪು ಮಾತ್ರ ಕಾಣುತ್ತಲೇ ಇರಲಿಲ್ಲ. ಕೆಂಪು ಬಟ್ಟೆಯಿಂದ ಬಂದ ಬೆಳಕು ಲೇಪವನ್ನು ಮುಟ್ಟದಂತೆ ಆಗಿ, ಪಟದಲ್ಲಿ ಅದು ಕಪ್ಪಾಗಿ ಮೂಡುತ್ತದೆ. ನೀಲಿ ತದ್ವಿರುದ್ಧ, ಇರುವುದಕ್ಕಿಂತ ಬಿಳಿಚಿಕೊಂಡು ಕಾಣುತ್ತದೆ. ಕುಂಕುಮ, ಕೆಂಪು ದಡಿ, ಎಲೆಯಡಿಕೆ ಹಾಕಿದ ತುಟಿ, ಎಲ್ಲವೂ ಕಪ್ಪು. ಎಲ್ಲ ಬಣ್ಣ ಹಿಡಿಯುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು 1920, 30ರ ದಶಕಗಳಲ್ಲಿ ಹರಡಿದರೂ ಸಣ್ಣ ಊರಿನ ಸ್ಟುಡಿಯೋಗಳು ಹಳೆಯದನ್ನು ಬೇಗ ಬಿಡಲಿಲ್ಲ. ಆರ್ಥೋ ಫಲಕವನ್ನು ಕೆಂಪು ದೀಪದ ಕೆಳಗೆ ಕಣ್ಣಾರೆ ನೋಡುತ್ತಾ ತೊಳೆಯಬಹುದು, ಪ್ಯಾಂಕ್ರೊ ಆದರೆ ಕತ್ತಲಲ್ಲೇ ಅಂದಾಜಿನ ಮೇಲೆ ತೊಳೆಯಬೇಕು. ಅದೇ ಕಾರಣ.

ನಿಮ್ಮ ಪಟದಲ್ಲಿ ಇದನ್ನು ಪರೀಕ್ಷಿಸಲು ಒಂದು ಒಳ್ಳೆಯ ವಸ್ತುವಿದೆ: ರೂಮಿ ಟೋಪಿ. ಅದು ಕೆಂಪು ಇಲ್ಲವೇ ಕಡುಗೆಂಪು, ಅದಕ್ಕೆ ಇಳಿಬಿಟ್ಟ ಗೊಂಡೆ ಕಪ್ಪು. ಗೊಂಡೆ ಟೋಪಿಯಿಂದ ಬೇರೆಯಾಗಿ ಎದ್ದು ಕಂಡರೆ ಕೆಂಪನ್ನು ಹಿಡಿಯುವ ಫಿಲ್ಮು. ಗೊಂಡೆಯೂ ಟೋಪಿಯೂ ಒಂದೇ ಕಪ್ಪಿನಲ್ಲಿ ಸೇರಿಹೋಗಿದ್ದರೆ ಆರ್ಥೋ. ಆಮೇಲೆ ಅಜ್ಜಿಯ ಸೀರೆಯ ಕಪ್ಪನ್ನು ಟೋಪಿಯ ಕಪ್ಪಿನ ಪಕ್ಕ ಇಟ್ಟು ನೋಡಿ.

ಆನೆಗೊಂದಿ_ದಾರಿ
ದೊಡ್ಡದು ಮಾಡಿ ನೋಡಿದೆ ಸರ್. ಗೊಂಡೆ ಟೋಪಿಯೊಳಗ ಮುಳುಗಿಬಿಟ್ಟೈತಿ. ಟೋಪಿ ಅಂಚಿನಿಂದ ಹೊರಗ ಬಂದ ನಾಕು ಎಳಿ ಹಿಂದಿನ ಪರದೆ ಮ್ಯಾಲ ಕಾಣ್ತಾವ, ಅದರಿಂದ ಗೊಂಡೆ ಐತಿ ಅಂತ ಗೊತ್ತಾಗ್ತೈತಿ. ಮುದುಕಿ ಸೀರಿ ಮತ್ತು ಟೋಪಿ ಒಂದೇ ಬಣ್ಣ ಕಾಣ್ತಾವ. ಹುಡುಗನ ಕ್ರಾಪು ಅದಕ್ಕಿಂತ ಸ್ವಲ್ಪ ಗಾಢ ಐತಿ.

ಹೆಣಮಗಳ ಜಂಪರ್ ತೋಳು ಭುಜದ ಹತ್ರ ನೆರಿಗಿ ಹಿಡಿದು ಉಬ್ಬೇತಿ, ಮೊಣಕೈ ಮ್ಯಾಲಕ್ಕ ಪಟ್ಟಿಯಾಗಿ ಮುಗೀತೈತಿ. ಸೆರಗಿನಾಗ ಬಿಳೀ ಹಲ್ಲುಗಳ ಸಾಲು ಕಾಣ್ತೈತಿ. ಚಿತ್ರ ಹಾಕೀನಿ.

ಇರಕಲ್_ದಡಿ
ಅದು ಇರಕಲ್, ಅಂದ್ರ ಇಳಕಲ್ ಸೀರಿ ಅಣ್ಣಾರ, ಟೋಪಿ ತೆನಿ ಅನ್ನೋ ನಮೂನಿ ಸೆರಗು. ಬಿಳೀ ಹಲ್ಲಿನಂಗ ಕಾಣೋದು ಸೆರಗಿನ ಪಟ್ಟಿಯೊಳಗಿನ ಕೋಟಿ ಕಮ್ಮಲಿ, ಹಣಿಗಿ ಇಂಥ ವಿನ್ಯಾಸ. ಟೋಪಿ ತೆನಿ ಸೆರಗಿನ ನೆಲ ಕೆಂಪು, ವಿನ್ಯಾಸ ಬಿಳಿ. ಸರ್ ಹೇಳಿದಂಗ ಕೆಂಪು ಕಪ್ಪಾಗೇತಿ, ಬಿಳಿ ಬಿಳಿಯಾಗೇ ಉಳಿದೈತಿ. ಸೀರಿ ಒಡಲು ಬಿಳೀದೇ ಅಂತಿಲ್ಲ. ನೀಲಿ ಒಡಲು ಆರ್ಥೋದಾಗ ಹಿಂಗ ತಿಳಿಯಾಗಿ ಬರ್ತೈತಿ. ದಾರದ ಬಣ್ಣ ಯಾವುದಂತ ಖಚಿತ ಹೇಳಾಕ ಬರಂಗಿಲ್ಲ, ಆದ್ರ ಬಿಳೀ ಅಂತ ಬರೀಬ್ಯಾಡ್ರಿ. ಮುಂದಿನ ಮಂದಿ ಅದನ್ನ ಓದಿ ಬ್ಯಾರೆ ಕಥೀನ ಕಟ್ತಾರ.

ಸೆರಗು ಮತ್ತು ಒಡಲು ಕೂಡೋ ಜಾಗ ನೋಡ್ರಿ. ಇರಕಲ್ ಸೀರಿಗೆ ಸೆರಗಿನ ಹಾಸನ್ನ (ಉದ್ದದ ಎಳಿಗಳನ್ನ) ಒಡಲಿನ ಹಾಸಿಗೆ ಎಳಿ ಎಳಿ ಕೊಂಡಿ ಹಾಕಿ ಜೋಡಿಸ್ತಾರ. ಅದಕ್ಕ ಬಣ್ಣ ಬದಲಾಗೋ ಗೆರಿ ನೆಟ್ಟಗ ಐತಿ, ಚಾಕುವಿಲೆ ಕೊಯ್ದಂಗ. ಸೆರಗು ಛಾಪಾದ್ದಾಗಿದ್ರ ಗೆರಿ ಅಷ್ಟು ಚೊಕ್ಕ ಬರಂಗಿಲ್ಲ. ಇಳಕಲ್ಲಷ್ಟೇ ಅಲ್ಲ, ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರದ ಕಡೆನೂ ಈ ಸೀರಿ ನೇಯ್ತಾರ, ಹಂಗಾಗಿ ನಿಮ್ಮ ಭಾಗದ ಮನ್ಯಾಗ ಇರೋದು ಸಹಜ.

ಹೊಳಪೂ ನೋಡ್ರಿ. ಮೊದಲ ಸೆರಗಿಗೆ ಅಪ್ಪಟ ರೇಶ್ಮಿ ಹಾಕ್ತಿದ್ರು, ಕೃತಕ ರೇಶ್ಮಿ, ನಮ್ಮವರು ಚಮಕಾ ಅಂತಾರ, 1930ರ ಈಚೆಗೆ ಹೆಚ್ಚಾತು. ಚಮಕಾ ಸೆರಗು ಸ್ಟುಡಿಯೋ ಬೆಳಕಿನಾಗ ಗಾಜಿನಂಗ ಚುಕ್ಕಿ ಚುಕ್ಕಿ ಮಿಂಚ್ತೈತಿ, ರೇಶ್ಮಿ ಹೊಳಪು ಮಡಿಕಿ ಉದ್ದಕ್ಕ ಹರದಾಡ್ತೈತಿ. ಇದು ನೂರಕ್ಕ ನೂರು ನಂಬೋ ಗುರುತಲ್ಲ, ಬ್ಯಾರೆ ಗುರುತು ಒಂದು ಕಡಿ ವಾಲ್ತಿದ್ರ ಇದನ್ನ ಜೊತಿಗೆ ತಗೋಬಹುದು.

ಪಫ್ ತೋಳು 1930ರ ದಶಕದ ನಡುವಿಂದ 40ರ ದಶಕದ ತನಕ ನಮ್ಮ ಕಡಿ ಓದಿದ ಮನಿತನದಾಗ ಚಾಲ್ತಿ ಇತ್ತು. ಅದಕ್ಕೂ ಹಿಂದಿನದಾದ್ರ ಖಣದ ಕುಬಸ, ಎದಿ ಮುಂದ ಗಂಟು, ತೋಳು ಮೈಗೆ ಅಂಟಿದಂಗ. ಇಲ್ಲಾ ಕೊರಳ ತನಕ ಮುಚ್ಚಿದ, ಲೇಸು ಹಚ್ಚಿದ ಉದ್ದ ತೋಳಿನ ಜಾಕೆಟ್. ಆದ್ರ ಖಣದ ಕುಬಸ ಕಂಡ ಕೂಡಲೆ ಹಳೇದು ಅನ್ನಬ್ಯಾಡ್ರಿ, ಹಳ್ಳ್ಯಾಗ ಮುದುಕೇರು ಅದನ್ನ ಈಗಲೂ ತೊಡ್ತಾರ.

ಮಾನ್ವಿ_ಮಂದಿ
ಅಕ್ಕಾರ, ಕಚ್ಚಿ ಉಟ್ಟಾರೋ ಇಲ್ಲೋ ಹೆಂಗ ತಿಳೀಬೇಕು? ನಿಂತವರ ಮುಂದ ಕುರ್ಚಿ ಅಡ್ಡ ಐತಲ್ಲ.

ಇರಕಲ್_ದಡಿ
ಪಾದದ ಹತ್ರ ನೋಡ್ರಿ ತಮ್ಮಾ. ಎಂಟು, ಒಂಬತ್ತು ವಾರಿ ಸೀರಿ ಕಚ್ಚಿ ಹಾಕಿ ಉಟ್ಟಿದ್ರ ಎರಡೂ ಕಣಕಾಲು ಬ್ಯಾರೆ ಬ್ಯಾರೆ ಕಾಣ್ತಾವ, ದಡಿ ಒಂದೊಂದು ಕಾಲಿನ ಸುತ್ತ ಓರೆಯಾಗಿ ಹೋಗಿರ್ತೈತಿ. ಆರು ವಾರಿ ಸೀರಿ ಲಂಗದ ಮ್ಯಾಲ ಉಟ್ಟಿದ್ರ ದಡಿ ನೆಲಕ್ಕ ಸಮವಾಗಿ ಒಂದೇ ಸುತ್ತು, ನಡುವ ನೆರಿಗಿ ಬೀಸಣಿಗಿಯಂಗ ಬಿಚ್ಚಿಕೊಂಡಿರ್ತಾವ. ಕುರ್ಚಿ ಅಡ್ಡ ಇದ್ರ ಕುರ್ಚಿ ಕಾಲುಗಳ ನಡುವಿನ ಸಂದಿನಾಗ ಹುಡುಕ್ರಿ, ದಡಿ ಸಿಕ್ಕೇ ಸಿಗ್ತೈತಿ. ಈ ಪಟದಾಗ ಕುರ್ಚಿ ಎಡಗಾಲಿನ ಪಕ್ಕ ದಡಿ ಓರೆ ಐತಿ, ಅಂದ್ರ ಕಚ್ಚಿನೇ. ಮ್ಯಾಲ ಪಫ್ ಜಂಪರ್, ಕೆಳಗ ಕಚ್ಚಿ. ಉಡುಗಿ ಒಮ್ಮೆಲೆ ಬದಲಾಗಂಗಿಲ್ಲ, ಮೊದಲ ಜಂಪರ್ ಬದಲಾಗ್ತೈತಿ, ಉಡೋ ರೀತಿ ಕಡೀಕ.

ಮುದುಕಿ ಸೀರಿ ಟೋಪಿ ಬಣ್ಣಕ್ಕ ಸಮ ಬಂದೈತಿ ಅಂದ್ರಲ್ಲ. ಬಳಿ ಇಲ್ಲ, ಕುಂಕುಮ ಇಲ್ಲ, ತಲಿ ತುಂಬ ಸೆರಗು. ಬ್ರಾಹ್ಮಣರ ಮನ್ಯಾಗ ತಲಿ ಬೋಳಿಸಿದ ಮಡಿ ಹೆಂಗಸರು, ಅಂದ್ರ ವಿಧವೆಯರು, ಉಡ್ತಿದ್ದದ್ದು ಕೆಂಪು ಸೀರಿ, ಜಂಪರ್ ತೊಡ್ತಿರಲಿಲ್ಲ. ಬರೀ ತೋಳು ಸೆರಗಿನೊಳಗ ಕಾಣ್ತೈತೇನು ನೋಡ್ರಿ. ಕಾಣ್ತಿದ್ರ ಇದು ಕರೀ ಸೀರಿ ಅಲ್ಲ, ಕೆಂಪು ಮಡಿ ಸೀರಿ. ಮತ್ತ ಆ ಮುದುಕಿ ನಡುವ ಕುಂತ ಮುದುಕರ ಹೆಂಡತಿನೂ ಅಲ್ಲ. ಅಕ್ಕ, ಅತ್ತಿಗಿ ಅಥವಾ ತಾಯಿ ಇರಬೇಕು. ಪಕ್ಕ ಕುಂತಾರ ಅಂತ ಗಂಡ ಹೆಂಡತಿ ಅಂತ ಬರದುಬಿಡ್ತಾರ, ಮನಿತನದ ವಂಶಾವಳಿನೇ ಅಲ್ಲಿಂದ ತಪ್ಪಾಗಿ ಹೋಗ್ತೈತಿ.

ಕೌಲ್‌ಬಜಾರ್
ಅಕ್ಕಾರು ಹೇಳಿದ್ದು ತುಂಬ ಮುಖ್ಯ. ಈಗ ಟೋಪಿಯವರ ವಿಷಯಕ್ಕೆ ಬರೋಣ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ಪಟ ಓದೋರು ಒಂದನ್ನ ನೆನಪಿಡಬೇಕು: ತುಂಗಭದ್ರೆಯ ಆಚೆ ಈಚೆ ಎರಡು ಸರ್ಕಾರ ಇದ್ವು, ಎರಡು ದರ್ಬಾರಿ ಉಡುಪಿತ್ತು. ಬಳ್ಳಾರಿ, ಹೊಸಪೇಟೆ ಮದ್ರಾಸ್ ಪ್ರಾಂತ್ಯ, 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿದ್ದು. ರಾಯಚೂರು, ಅದರೊಳಗೇ ಇದ್ದ ಕೊಪ್ಪಳ, ಗಂಗಾವತಿ ನಿಜಾಮರ ಹೈದರಾಬಾದ್ ಸಂಸ್ಥಾನ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಡಳಿತ ಮುಗಿದು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ. ಆನೆಗೊಂದಿಯಲ್ಲಿ ನಿಂತವರಿಗೂ ಹೊಳೆ ದಾಟಿ ಹಂಪಿಯಲ್ಲಿ ನಿಂತವರಿಗೂ ಕಚೇರಿ ಉಡುಪು ಬೇರೆ.

ಬಳ್ಳಾರಿ ವಕೀಲರು, ರೆವಿನ್ಯೂ ನೌಕರರು ಅಂದ್ರೆ ಜರಿ ಅಂಚಿನ ಪೇಟ, ಕುತ್ತಿಗೆ ಮುಚ್ಚಿದ ಕೋಟು, ಕೆಳಗೆ ಕಚ್ಚೆ ಪಂಚೆ, ಹೆಗಲಿಗೆ ಅಂಗವಸ್ತ್ರ. ಕೋಟು ತೊಡೆ ತನಕ, ಮುಂದೆ ಜೇಬಿಗೆ ಮುಚ್ಚಳ. ಹೈದರಾಬಾದ್ ಶೇರ್ವಾನಿ ಮೊಣಕಾಲು ಮುಟ್ಟುತ್ತೆ, ಕಾಲರ್ ನೇರ ನಿಲ್ಲುತ್ತೆ, ಗುಂಡಿ ಗಂಟಲಿಂದ ಸೊಂಟದ ತನಕ ಒಂದೇ ಸಾಲು, ಸೊಂಟದ ಕೆಳಗೆ ಮುಂಭಾಗ ಬಿಚ್ಚಿರುತ್ತೆ, ಕೆಳಗೆ ಪೈಜಾಮ. ದರ್ಬಾರಿಗಾದ್ರೆ ತಲೆಗೆ ದಸ್ತಾರು ಅನ್ನೋ ಪೇಟ, ನಡುವಿಗೆ ಬಗ್ಲೂಸ್ ಅನ್ನೋ ಪಟ್ಟಿ.

ಶೇರ್ವಾನಿ, ರೂಮಿ ಟೋಪಿ ನೋಡಿ ಧರ್ಮ ಹೇಳೋಕಾಗಲ್ಲ. ಅದು ಸಂಸ್ಥಾನದ ನೌಕರಿಯ, ಓದಿದವರ ಉಡುಪು. ಬ್ರಾಹ್ಮಣ, ಲಿಂಗಾಯತ, ಕಾಯಸ್ಥ, ಮುಸಲ್ಮಾನ ಎಲ್ಲರೂ ತೊಟ್ಟಿದ್ದಾರೆ. ತಹಶೀಲು ಕಚೇರಿ ಗುಮಾಸ್ತರ ಪಟ ತೆಗೆದರೆ ಸಾಲಿಗೆ ಸಾಲು ಶೇರ್ವಾನಿನೇ. ಮನೆಯೊಳಗೆ ದೋತರ, ಕಚೇರಿಗೆ, ಸ್ಟುಡಿಯೋಗೆ ಶೇರ್ವಾನಿ. "ಗೆಳೆಯ ಅಧಿಕಾರಿ" ಅನ್ನೋ ಮಾತು ಟೋಪಿ ನೋಡಿ ಆಮೇಲೆ ಯಾರೋ ಸೇರಿಸಿದ್ದಿರಬಹುದು. ಹೆಣ್ಣುಮಗಳ ಪಕ್ಕವೇ, ಎರಡನೇ ಸಾಲಿನಲ್ಲಿ, ಮೈಗೆ ಮೈ ತಾಕುವಷ್ಟು ಹತ್ತಿರ ನಿಂತಿದ್ದಾರೆ. ಹೊರಗಿನ ಅಧಿಕಾರಿಯಾಗಿದ್ರೆ ಮುಂದೆ ಕುರ್ಚಿ ಕೊಟ್ಟು ಕೂರಿಸ್ತಿದ್ರು. ಹಣೆ, ಕಿವಿ ಹತ್ತಿರದಿಂದ ನೋಡಿ. ಲಿಂಗಾಯತರಾದ್ರೆ ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಕರಡಿಗೆಯ (ಇಷ್ಟಲಿಂಗದ ಡಬ್ಬಿಯ) ದಾರ ಶೇರ್ವಾನಿ ಕಾಲರಿನ ಮೇಲೆ ಒಂಚೂರು ಕಾಣಬಹುದು. ಮಾಧ್ವರಾದ್ರೆ ಅಂಗಾರ (ಇದ್ದಿಲಿನ ಗೆರೆ), ಅಕ್ಷತೆ (ಅದರ ಬುಡದ ಚುಕ್ಕಿ).

ಗಾಜಿನ_ನೆಗೆಟಿವ್
ಹಣೆ ನೋಡಬೇಕಾದರೆ ಫೋನಿನಲ್ಲಿ ತೆಗೆದ ಚಿತ್ರ ಸಾಲದು. ಸ್ಕ್ಯಾನ್ ಹೀಗೆ ಮಾಡಿ.

ಕೈ ತೊಳೆದು ಪೂರ್ತಿ ಒರೆಸಿ, ಪಟವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಮೆತ್ತನೆಯ ಒಣ ಕುಂಚದಿಂದ ನಡುವಿನಿಂದ ಹೊರಗೆ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಬೇಡವೇ ಬೇಡ, ಜೆಲಟಿನ್ ಪದರ ನೀರು ಕುಡಿದು ಉಬ್ಬಿ ಬಟ್ಟೆಗೇ ಅಂಟಿ ಬರುತ್ತದೆ. ರಟ್ಟು ಬಾಗಿದ್ದರೆ ಸ್ಕ್ಯಾನರ್ ಮುಚ್ಚಳದಿಂದ ಒತ್ತಬೇಡಿ, ಲೇಪ ಬಿರುಕು ಬಿಡುತ್ತದೆ. ಮುಚ್ಚಳ ತೆರೆದಿಟ್ಟು ಮೇಲೆ ಕಪ್ಪು ಬಟ್ಟೆ ಹೊದಿಸಿ.

1200 ಡಿಪಿಐ ಇಡಿ. ಕಪ್ಪು ಬಿಳುಪಿನ ಪಟವಾದರೂ 24 ಬಿಟ್ ಬಣ್ಣದಲ್ಲೇ ಮಾಡಿ. ಹಳದಿ ಕಲೆ ಯಾವುದು, ಶಾಯಿ ಯಾವುದು, ಕೈಯಿಂದ ಹಚ್ಚಿದ ಬಣ್ಣ ಯಾವುದು ಎಂದು ಬೇರ್ಪಡಿಸಲು ಅದು ಬೇಕು. ಟಿಫ್ ಆಗಿ ಉಳಿಸಿ. 5×7 ಇಂಚಿಗೆ ಸುಮಾರು 150 ಎಂಬಿ ಬರುತ್ತದೆ, ಬರಲಿ.

ಧೂಳು ತೆಗೆಯುವ, ಗೀರು ಮುಚ್ಚುವ, ತಾನಾಗಿ ಹರಿತ ಮಾಡುವ ಎಲ್ಲ ಸೌಲಭ್ಯವನ್ನೂ ಆರಿಸಿಬಿಡಿ. ಹಣೆಯ ಮೇಲಿನ ಸಣ್ಣ ಕಪ್ಪು ಗೆರೆಯನ್ನು ಆ ತಂತ್ರಾಂಶ ಗೀರು ಎಂದುಕೊಂಡು ಅಳಿಸುತ್ತದೆ. ನೀವು ಹುಡುಕುತ್ತಿರುವುದೇ ಆ ಗೆರೆ.

ತಾನಾಗಿ ಬಣ್ಣ ತುಂಬುವ ಆ್ಯಪ್‌ಗಳನ್ನು ಈ ಕೆಲಸಕ್ಕೆ ಬಳಸಬೇಡಿ. ಕಪ್ಪಾಗಿ ಕಂಡದ್ದು ಕೆಂಪಿರಬಹುದು ಎಂಬುದು ಅವಕ್ಕೆ ತಿಳಿಯದು. ಮಡಿ ಸೀರೆಗೆ ಕಪ್ಪು, ಇರಕಲ್ ಒಡಲಿಗೆ ಕೆನೆ ಬಣ್ಣ ಬಳಿದು ಕೊಡುತ್ತವೆ. ಆ ಚಿತ್ರ ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಒಮ್ಮೆ ಹರಿದಾಡಿದರೆ ಅದೇ ನಿಜವಾಗಿ ಉಳಿಯುತ್ತದೆ.

ಮಾನ್ವಿ_ಮಂದಿ
ಸರ್, ಈ ಪಟನೇ ನಂತರ ತೆಗೆದ ನಕಲು ಆಗಿರಬಾರದ್ಯಾಕ? ಹಳೇ ಪಟದ ಮ್ಯಾಲ ಕ್ಯಾಮೆರಾ ಇಟ್ಟು ಮತ್ತ ತೆಗಿಸ್ತಿದ್ರಲ್ಲ.

ಗಾಜಿನ_ನೆಗೆಟಿವ್
ಸರಿಯಾದ ಪ್ರಶ್ನೆ. ನಕಲಿನಲ್ಲಿ ಉಡುಪು ಒಂದು ಕಾಲ, ಕಾಗದ ಇನ್ನೊಂದು ಕಾಲ. ಉಡುಪು ಓದುವವರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ.

ಮೊದಲು ಓರೆ ಬೆಳಕು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಟದ ಮಟ್ಟಕ್ಕೆ ಹಿಡಿದು ಅಡ್ಡಡ್ಡ ಬೆಳಕು ಹಾಯಿಸಿ. ಚಿತ್ರದಲ್ಲಿ ಬಿರುಕು, ಮಡಿಕೆ ಕಾಣುತ್ತಿದ್ದು ಕಾಗದದ ಮೈ ಮಾತ್ರ ನುಣ್ಣಗಿದ್ದರೆ ಅದು ನಕಲು. ಬಿರುಕು ಮೂಲದ್ದು, ಅದರ ಚಿತ್ರ ಮಾತ್ರ ಇಲ್ಲಿದೆ.

ಎರಡನೆಯದು ನೇರಳಾತೀತ ಟಾರ್ಚು, 365 ನ್ಯಾನೋಮೀಟರಿನದು. ಸುಮಾರು 1950ರಿಂದ ಈಚೆಗೆ ಫೋಟೋ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸತೊಡಗಿದರು. ಆ ಕಾಗದ ಈ ಬೆಳಕಿನಲ್ಲಿ ನೀಲಿ ಬಿಳುಪಾಗಿ ಹೊಳೆಯುತ್ತದೆ. ಬಿಳಿ ಅಂಚಿನ ಮೇಲೆ ಎರಡು ಮೂರು ಸೆಕೆಂಡು ಹಿಡಿದರೆ ಸಾಕು. ಹೊಳೆದರೆ ಆ ಕಾಗದ 1950ಕ್ಕಿಂತ ಹಳೆಯದಲ್ಲ. ಹೊಳೆಯದಿದ್ದರೆ ಹಳೆಯದೇ ಎಂದು ಹೇಳಲಾಗದು, ಏಕೆಂದರೆ 1950ರ ನಂತರವೂ ಆ ರಾಸಾಯನಿಕವಿಲ್ಲದ ಕಾಗದ ಇತ್ತು. ಬಟ್ಟೆಯ ನಾರು, ಸೋಪಿನ ಪುಡಿಯ ಅಂಶ ಬಿದ್ದಿದ್ದರೂ ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ರಟ್ಟನ್ನು ಬೇರೆಯಾಗಿ ಪರೀಕ್ಷಿಸಿ, ಆಮೇಲೆ ಬದಲಿಸಿದ್ದಿರಬಹುದು.

ಮೂರನೆಯದು 10 ಪಟ್ಟು ದೊಡ್ಡದು ಮಾಡುವ ಮಸೂರ. ಚಿತ್ರ ಸಾಲು ಸಾಲು ಚುಕ್ಕಿಗಳಾಗಿ ಒಡೆದರೆ ಅದು ಪತ್ರಿಕೆ, ಪುಸ್ತಕದ ಮುದ್ರಣ. ಕಾಗದದ ನಾರು ಚಿತ್ರದ ಮೂಲಕವೇ ಕಂಡು, ಬಿಳಿ ಭಾಗ ಹಳದಿಗಟ್ಟಿದ್ದರೆ ಮೊಟ್ಟೆಯ ಬಿಳಿಯ ಲೇಪದ ಅಲ್ಬ್ಯುಮೆನ್, ಬಹುತೇಕ 1900ಕ್ಕೆ ಹಿಂದಿನದು. ನಾರು ಕಾಣದೆ, ಅಂಚಿನ ಕಪ್ಪು ಭಾಗದಲ್ಲಿ ಬೆಳ್ಳಿಯಂಥ ನೀಲಿ ಮಿರುಗು ಇದ್ದರೆ ಜೆಲಟಿನ್ ಕಾಗದ.

ಆನೆಗೊಂದಿ_ದಾರಿ
ಎಲ್ಲಾ ಮಾಡಿದೆ. ಅಂಚು ಹೊಳೀಲಿಲ್ಲ, ರಟ್ಟೂ ಹೊಳೀಲಿಲ್ಲ. ಓರೆ ಬೆಳಕಿನಾಗ ಮುದುಕರ ಮೊಣಕಾಲ ಹತ್ರ ಇರೋ ಬಿರುಕು ಕಾಗದದ ಮೈಮ್ಯಾಲೂ ಐತಿ. ಕೆಳಗಿನ ಅಂಚಿಗೆ ಬೆಳ್ಳಿ ಮಿರುಗು ಕಾಣ್ತೈತಿ. ಮುದುಕಿ ಬಲತೋಳು ಬರಿದು, ಜಂಪರ್ ಇಲ್ಲ.

ಸ್ಕ್ಯಾನ್‌ನಾಗ ಶೇರ್ವಾನಿಯವರ ಹಣಿ ಮ್ಯಾಲ, ಟೋಪಿ ಅಂಚಿನ ಕೆಳಗ, ಒಂದು ಸಣ್ಣ ನೆಟ್ಟನ ಕರೀ ಗೆರಿ ಐತಿ. ಅದರ ಬುಡಕ ಒಂದು ಗುಂಡನ ಚುಕ್ಕಿ. ಇದು ಅಂಗಾರ, ಅಕ್ಷತೀನೇ ಏನ್ರಿ, ಇಲ್ಲಾ ಗೀರೋ?

ಗಾಜಿನ_ನೆಗೆಟಿವ್
ಗೀರಾಗಿದ್ದರೆ ಮೂರರಲ್ಲಿ ಒಂದು ಕಾಣಬೇಕು. ಪಟದ ಮೇಲೆ ಆದ ಗೀರು ಓರೆ ಬೆಳಕಿನಲ್ಲಿ ತಗ್ಗಾಗಿ ಕಾಣುತ್ತದೆ, ಹೆಚ್ಚಾಗಿ ಬಿಳಿ. ನೆಗೆಟಿವ್ ಮೇಲೆ ಆದ ಗೀರು ಪಟದಲ್ಲಿ ಕಪ್ಪಾಗಿ ಬರುತ್ತದೆ, ಆದರೆ ಅದು ಹಣೆಯಲ್ಲೇ ನಿಲ್ಲುವುದಿಲ್ಲ, ಟೋಪಿಯನ್ನೋ ಮೂಗನ್ನೋ ದಾಟಿ ಹೋಗುತ್ತದೆ. ನೆಗೆಟಿವ್ ತಿದ್ದುವವರು ಪೆನ್ಸಿಲ್ ಹಚ್ಚಿದ ಜಾಗ ಪಟದಲ್ಲಿ ಬಿಳಿಚಾಗುತ್ತದೆ, ಕಪ್ಪಾಗುವುದಿಲ್ಲ. ನಿಮ್ಮ ಚಿತ್ರದಲ್ಲಿ ಗೆರೆ ಹುಬ್ಬುಗಳ ನಡುವೆಯೇ ಮುಗಿದು ಚುಕ್ಕಿಯಲ್ಲಿ ನಿಂತಿದೆ, ಹಣೆಯ ಉಬ್ಬಿಗೆ ತಕ್ಕಂತೆ ಅಗಲ ತುಸು ಬದಲಾಗಿದೆ. ಅದು ಹಚ್ಚಿಕೊಂಡದ್ದೇ.

ಗೆರೆ ಇದ್ದಿಲಿನ ಕಪ್ಪು, ಚುಕ್ಕಿ ಕೆಂಪು. ಆದರೂ ಎರಡೂ ಒಂದೇ ಕಪ್ಪಿನಲ್ಲಿ ಮೂಡಿವೆ. ಟೋಪಿ ಮತ್ತು ಗೊಂಡೆಗೆ ಆದದ್ದೇ ಇಲ್ಲಿಯೂ ಆಗಿದೆ.

ಕೌಲ್‌ಬಜಾರ್
ಹಾಗಾದ್ರೆ ಶೇರ್ವಾನಿಯವರು ಮಾಧ್ವರು. ಆ ಮನೆಯವರೇ ಆಗಿರೋ ಸಾಧ್ಯತೆ ಬಹಳ, ಸಂಸ್ಥಾನದ ಕಚೇರಿಯಲ್ಲಿ ನೌಕರಿ ಮಾಡಿದ ಮಗನೋ ಅಳಿಯನೋ ಇರಬೇಕು. ಮನೆಯಲ್ಲಿ ಉರ್ದು ಕಾಗದಪತ್ರ, ನೇಮಕದ ಆದೇಶ, ಸ್ಟಾಂಪ್ ಪತ್ರ ಏನಾದ್ರೂ ಇದ್ದರೆ ಅದರ ಜೊತೆ ತಾಳೆ ನೋಡಿ. ಅದರಲ್ಲಿ ಫಸಲಿ ವರ್ಷ ಬರೆದಿರುತ್ತೆ, ಅದಕ್ಕೆ ಸುಮಾರು 590 ಕೂಡಿಸಿದರೆ ಇಸವಿ ಸಿಗುತ್ತೆ.

ವರ್ಷಕ್ಕೆ ಬಂದರೆ, ಪಫ್ ತೋಳಿನಿಂದ ಕೆಳಗಿನ ಮಿತಿ 1935ರ ಆಸುಪಾಸು. ಮೇಲಿನ ಮಿತಿ ರೂಮಿ ಟೋಪಿಯಿಂದ 1948. ಸೆಪ್ಟೆಂಬರ್ ಆದ ಮಾರನೇ ದಿನವೇ ಎಲ್ಲರೂ ಟೋಪಿ ಬಿಟ್ಟರು ಅಂತಲ್ಲ, ಆದರೆ ಆಮೇಲೆ ಅದನ್ನ ಹಾಕ್ಕೊಂಡು ಸ್ಟುಡಿಯೋಗೆ ಹೋಗಿ ಪಟ ತೆಗೆಸಿಕೊಳ್ಳೋ ಕಾರಣ ಉಳಿಯಲಿಲ್ಲ. 1948ರ ನಂತರದ ನಿಮ್ಮ ಭಾಗದ ಗುಂಪು ಪಟಗಳಲ್ಲಿ ಗಾಂಧಿ ಟೋಪಿ ತುಂಬಿಕೊಳ್ಳುತ್ತೆ. ಬಳ್ಳಾರಿ ಕಡೆ ಅದೇ ಟೋಪಿ 1921ರ ಅಸಹಕಾರದ ಕಾಲದಿಂದಲೇ ಸಿಗುತ್ತೆ. ಹೈದರಾಬಾದಿನಲ್ಲಿ ಸ್ಟೇಟ್ ಕಾಂಗ್ರೆಸ್ಸನ್ನೇ 1938ರಲ್ಲಿ ನಿಷೇಧಿಸಿದ್ದರು, ಅಲ್ಲಿ ಗಾಂಧಿ ಟೋಪಿ ಹಾಕಿ ಪಟ ತೆಗೆಸೋದಕ್ಕೆ ಧೈರ್ಯ ಬೇಕಿತ್ತು. ಒಂದೇ ಟೋಪಿ, ಹೊಳೆಯ ಒಂದೊಂದು ದಡಕ್ಕೆ ಒಂದೊಂದು ಇಸವಿ.

ಖಾಕಿ ಹಾಕಿದವರ ಪಟ ಸಿಕ್ಕರೆ ತಲೆಗೆ ಬಂದ ಹೆಸರು ಬರೆದುಬಿಡಬೇಡಿ. ಪೊಲೀಸು, ಸ್ಕೌಟು, ಅರಣ್ಯ, ರೈಲ್ವೆ ಎಲ್ಲದಕ್ಕೂ ಖಾಕಿ ಇತ್ತು. ಟೋಪಿಯ ಬಿಲ್ಲೆ, ಗುಂಡಿ ಮೇಲಿನ ಅಕ್ಷರ ಓದಿ. ಬಳ್ಳಾರಿ, ಹೊಸಪೇಟೆ, ಕೊಪ್ಪಳ ಮಾರ್ಗದಲ್ಲಿ "ಎಂ ಅಂಡ್ ಎಸ್ ಎಂ" (ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ) ಅಂತಿದ್ದರೆ 1908ರಿಂದ 1951ರ ಒಳಗೆ. 1951ರ ಏಪ್ರಿಲ್ 14ರಿಂದ ಅದು ದಕ್ಷಿಣ ರೈಲ್ವೆ. ಕೊಪ್ಪಳ ನಿಜಾಮರ ನೆಲದಲ್ಲಿದ್ದರೂ ರೈಲಿನವರ ಗುಂಡಿ ಮೇಲೆ ನಿಜಾಮರ ರೈಲ್ವೆ ಹೆಸರಿಲ್ಲ, ಇಲ್ಲಿ ಬಹಳ ಜನ ಎಡವುತ್ತಾರೆ.

ಸಂಡೂರು_ತಾಂಡಾ
ಇದೇ ಎಳೆಯಲ್ಲಿ ಒಂದು ಕೇಳ್ತೀನಿ. ಲಂಬಾಣಿ ಹೆಣ್ಣುಮಕ್ಕಳ ಪಟ, ಪೇಟಿಯಾ (ಲಂಗ), ಕಾಂಚಳಿ (ಕುಪ್ಪಸ), ಕೊರಳಲ್ಲಿ ರೂಪಾಯಿ ನಾಣ್ಯದ ಹಾರ. ಉಡುಪು ತಲೆಮಾರುಗಟ್ಟಲೆ ಬದಲಾಗಿಲ್ಲ, ವರ್ಷ ಹೇಗೆ ಹಿಡಿಯೋದು? ಹಾರದ ನಾಣ್ಯಗಳ ಮುಖಗಳಲ್ಲಿ ಒಂದು ಬಲಕ್ಕೆ ನೋಡ್ತಿದೆ, ಉಳಿದವು ಎಡಕ್ಕೆ.

ಕೌಲ್‌ಬಜಾರ್
ನಾಣ್ಯ ಓದಿ. ಎಡಕ್ಕೆ ಮುಖ, ತಲೆಗೆ ಕಿರೀಟ, ಹೆಣ್ಣು ಅಂದ್ರೆ ವಿಕ್ಟೋರಿಯಾ. 1876ರ ತನಕ "ಕ್ವೀನ್", 1877ರಿಂದ "ಎಂಪ್ರೆಸ್". ಬಲಕ್ಕೆ ಮುಖ, ಗಡ್ಡ, ಬರಿದಲೆ ಅಂದ್ರೆ ಏಳನೇ ಎಡ್ವರ್ಡ್, 1903ರಿಂದ 1910. ಎಡಕ್ಕೆ ಮುಖ, ಗಡ್ಡ, ಕಿರೀಟ ಇದ್ದರೆ ಐದನೇ ಜಾರ್ಜ್, 1911ರಿಂದ. ಗಡ್ಡ ಇಲ್ಲದ ಕಿರೀಟದವರು ಆರನೇ ಜಾರ್ಜ್. ಮುಖವೇ ಇಲ್ಲದೆ ಚಾರ್‌ಮಿನಾರ್ ಇದ್ದರೆ ಹೈದರಾಬಾದಿನ ಹಾಲಿ ರೂಪಾಯಿ, ಹೊಳೆ ಆಚೆಯಿಂದ ಬಂದದ್ದು.

ಹಾರದಲ್ಲಿ ಅತಿ ಹೊಸ ನಾಣ್ಯ ಯಾವುದೋ ಅದೇ ಕೆಳಗಿನ ಮಿತಿ. ನಿಮ್ಮಲ್ಲಿ ಎಡ್ವರ್ಡ್ ಒಬ್ಬರಿದ್ದರೆ 1903ಕ್ಕಿಂತ ಹಿಂದೆ ಹೋಗೋಕಾಗಲ್ಲ. ಹೊಸ ನಾಣ್ಯ ಇಲ್ಲ ಅನ್ನೋದ್ರಿಂದ ಮೇಲಿನ ಮಿತಿ ಹಾಕಬೇಡಿ. 1940ರಿಂದ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳೀತು, ಹಾರಕ್ಕೆ ಜನ ಹಳೇ ನಾಣ್ಯವನ್ನೇ ಹುಡುಕಿ ಹಾಕ್ತಿದ್ರು. 1970ರ ಪಟದಲ್ಲೂ ವಿಕ್ಟೋರಿಯಾ ಹಾರ ಸಿಗುತ್ತೆ.

ಗಾಜಿನ_ನೆಗೆಟಿವ್
ಒಂದು ಎಚ್ಚರಿಕೆ. ಗಾಜಿನ ನೆಗೆಟಿವನ್ನು ತಿರುವಿ ಹಾಕಿ ಅಚ್ಚು ತೆಗೆದಿದ್ದರೆ ಎಡ ಬಲ ಅದಲು ಬದಲಾಗುತ್ತದೆ, ಆಗ ವಿಕ್ಟೋರಿಯಾ ಬಲಕ್ಕೆ ನೋಡುತ್ತಾಳೆ. ನಾಣ್ಯದ ಅಕ್ಷರ ಓದಲು ಬಂದರೆ ಅದೇ ತೀರ್ಪು. ಇಲ್ಲವಾದರೆ ಪಟದಲ್ಲಿ ಕೋಟು ತೊಟ್ಟ ಗಂಡಸನ್ನು ಹುಡುಕಿ: ಎಡ ಅಂಚು ಬಲದ ಮೇಲೆ ಬಂದಿರಬೇಕು, ಎದೆಯ ಜೇಬು ಅವನ ಎಡಕ್ಕಿರಬೇಕು. ಸೆರಗು ನೋಡಿ ತೀರ್ಮಾನಿಸಬೇಡಿ, ನಮ್ಮ ಭಾಗದಲ್ಲಿ ತಲೆ ಮೇಲಿಂದ ಬಲಭುಜಕ್ಕೆ ತರುವವರೂ ಇದ್ದಾರೆ. ನಿಮ್ಮ ಹಾರದಲ್ಲಿ ಒಂದು ಮಾತ್ರ ಬೇರೆ ದಿಕ್ಕಿಗಿದೆ, ಆದ್ದರಿಂದ ಅಚ್ಚು ಸರಿಯಾಗಿದ್ದರೆ ಅದೇ ಎಡ್ವರ್ಡ್.

ಇರಕಲ್_ದಡಿ
ಲಂಬಾಣಿ ಪಟದಾಗ ಘುಗ್ರಿ, ಟೋಪ್ಲಿ ಅನ್ನೋ ಕೂದಲ ಆಭರಣ ಕೆನ್ನಿ ಪಕ್ಕ ಇಳಿಬಿದ್ದಾವೇನು ನೋಡ್ರಿ, ಅದು ಮದುವಿಯಾದವರ ಗುರುತು. ಯಾರು ಅಕ್ಕ, ಯಾರು ಸೊಸಿ ಅಂತ ಬಿಡಿಸಾಕ ಅನುಕೂಲ ಆಗ್ತೈತಿ. ಕೈಯಿಂದ ಬಣ್ಣ ಹಚ್ಚಿದ ಪಟ ಇದ್ರ ಕಸೂತಿ ಬಣ್ಣ ನಂಬಬ್ಯಾಡ್ರಿ, ಅದು ಬಣ್ಣ ಹಚ್ಚಿದವನ ಡಬ್ಬಿಯಾಗ ಏನಿತ್ತೋ ಅದು.

ಕೌಲ್‌ಬಜಾರ್
ಬಳ್ಳಾರಿ ಮನೆಗಳ ಪಟ ನೋಡೋರಿಗೆ ಇನ್ನೊಂದು. ಮಖಮಲ್ ನಿಲುವಂಗಿ, ಕತ್ತಿ, ಮುತ್ತಿನ ಹಾರ ಕಂಡ ಕೂಡಲೇ ಪಾಳೇಗಾರ, ನವಾಬ ಅಂತ ಬರೀತಾರೆ. ಇದು ನಾಟಕದ ಊರು. ಬಳ್ಳಾರಿ ರಾಘವ (1880–1946) ವಕೀಲಿಕೆ ಮಾಡ್ತಾನೇ ರಂಗದ ಮೇಲೆ ಹೆಸರಾದವರು, ಅಂಥ ಹವ್ಯಾಸಿಗಳು ವೇಷದಲ್ಲಿ ಸ್ಟುಡಿಯೋಗೆ ಹೋಗಿ ಪಟ ತೆಗೆಸ್ತಿದ್ರು. ಕೆನ್ನೆಯಲ್ಲಿ ಗಡ್ಡ ಅಂಟಿಸಿದ ಅಂಚು, ಮುಖಕ್ಕೂ ಕುತ್ತಿಗೆಗೂ ಬಣ್ಣದ ವ್ಯತ್ಯಾಸ, ಜರಿ ಬದಲು ಚಮಕಿ ಹೊಲಿದ ಅಂಚು, ರಾಜನ ಉಡುಪು ಮೈಮೇಲೆ ಇದ್ದೂ ಬರಿಗಾಲು: ಇವು ಕಂಡರೆ ವೇಷ.

ಆನೆಗೊಂದಿ_ದಾರಿ
ಪಟದ ಹಿಂದ ಹಿಂಗ ಬರೀಬೇಕಂತ ಮಾಡೀನಿ, ತಪ್ಪಿದ್ರ ತಿದ್ದ್ರಿ: "ಗಂಗಾವತಿ ತಾಲ್ಲೂಕು. ಉಡುಪಿನಿಂದ 1935–1948. ನಡುವೆ ಮುತ್ತಜ್ಜ. ಪಕ್ಕ ಕೆಂಪು ಮಡಿ ಸೀರೆಯ ಹಿರಿಯರು, ಸಂಬಂಧ ತಿಳಿಯಬೇಕು. ಶೇರ್ವಾನಿಯವರ ಹಣೆಯಲ್ಲಿ ಅಂಗಾರ, ಅಕ್ಷತೆ, ಮನೆಯವರೇ ಇರಬಹುದು."

ಗಾಜಿನ_ನೆಗೆಟಿವ್
ಮೆತ್ತನೆಯ ಪೆನ್ಸಿಲ್ಲಿನಲ್ಲಿ, ರಟ್ಟಿನ ಅಂಚಿನ ಭಾಗದಲ್ಲಿ, ಒತ್ತದೆ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂದಕ್ಕೆ ಉಬ್ಬಿ ಕಾಣುತ್ತದೆ, ಶಾಯಿ ಹಬ್ಬುತ್ತದೆ. ಲ್ಯಾಮಿನೇಶನ್ ಮಾಡಿಸಬೇಡಿ, ಆ ಬಿಸಿ ಮತ್ತು ಅಂಟು ಮತ್ತೆ ಬಿಡಿಸಲು ಬಾರದು. ಪಿವಿಸಿ ಹಾಳೆಯೂ ಬೇಡ, ನಮ್ಮ ಬೇಸಿಗೆಯಲ್ಲಿ ಅದು ಬೆವರಿ ಲೇಪಕ್ಕೆ ಕಚ್ಚಿಕೊಳ್ಳುತ್ತದೆ. ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಅಟ್ಟದ ಮೇಲೆ ಇಡದೆ ಮನೆಯ ಒಳಕೋಣೆಯ ಕಪಾಟಿನಲ್ಲಿಡಿ. ಹೆಂಚಿನ, ತಗಡಿನ ಕೆಳಗಿನ ಕಾವು ಜೆಲಟಿನ್‌ಗೆ ಆಗದು.

ಇರಕಲ್_ದಡಿ
"ಮುತ್ತಜ್ಜ" ಅಂತ ಬರೀಬ್ಯಾಡ್ರಿ ಅಣ್ಣಾರ. ಇನ್ನೊಂದು ತಲಿಮಾರು ಕಳೆದ ಮ್ಯಾಲ ಯಾರ ಮುತ್ತಜ್ಜ ಅಂತ ತಿಳಿಯಂಗಿಲ್ಲ. ಪೂರ್ತಿ ಹೆಸರು, ತಂದಿ ಹೆಸರು, ಊರು ಬರೀರಿ. ಮಡಿ ಸೀರಿಯವರ ಸಂಬಂಧ ಮನ್ಯಾಗ ಯಾರಿಗೂ ಗೊತ್ತಿಲ್ಲಂದ್ರ, ಅದೇ ಮನಿಯ ಹೆಣ್ಣುಮಕ್ಕಳು ಕೊಟ್ಟ ಊರಿನಾಗ ಕೇಳ್ರಿ. ವಿಧವೆಯರ ಹೆಸರು ಗಂಡಿನ ಕಡೆ ವಂಶಾವಳಿಯಾಗ ಬಿಟ್ಟುಹೋಗಿರ್ತಾವ, ತವರುಮನಿಯವರು ಮಾತ್ರ ಮರೆತಿರಂಗಿಲ್ಲ. ಪಟದ ಒಂದು ಪ್ರತಿ ಅವರಿಗೂ ಕಳಸ್ರಿ, ಕೆಂಪು ಸೀರಿ ಅಂತ ಹೇಳೇ ಕಳಸ್ರಿ. ಕರೀ ಸೀರಿ ಅಂದ್ರ ಅವರೂ ಗುರುತು ಹಿಡಿಯಂಗಿಲ್ಲ.